ನೋಡದ ಪಾಠದ ಷರಾ

ಹನ್ನೊಂದು ಗಂಟೆಗೆ ಪಾಠ, ಈಗ ಏಳೂಕಾಲು. ಅಷ್ಟರೊಳಗೆ ಏನಾದರೂ ಆಗಿಬಿಡಬಾರದೇ ಎಂದು ಅವಳು ಹಲ್ಲುಜ್ಜುತ್ತ ಬೇಡಿಕೊಂಡಳು. ತನಗೆ ಜ್ವರ ಬರಬಾರದೇ, ಬಚ್ಚಲಲ್ಲಿ ಕಾಲು ಜಾರಬಾರದೇ, ಹೊರಗಿನ ಪರೀಕ್ಷಕ ಹತ್ತಿದ ಬಸ್ಸಾದರೂ ದಾರಿಯಲ್ಲಿ ಕೆಟ್ಟು ನಿಲ್ಲಬಾರದೇ. ಐವತ್ತಮೂರು ವರ್ಷದ ಹೆಂಗಸು, ಪದವಿ ಮುಗಿಸಿದವರನ್ನು ತಿದ್ದಿ ತೀಡಿ ಮೇಷ್ಟರನ್ನಾಗಿ ಮಾಡುವ ಕಾಲೇಜಿನ ಹಿರಿಯ ಮೇಲ್ವಿಚಾರಕಿ, ಪರೀಕ್ಷೆಯ ದಿನ ಹೊಟ್ಟೆನೋವು ಬರಿಸಿಕೊಳ್ಳುವ ಮಗುವಿನ ಹಾಗೆ ಕನ್ನಡಿಯೆದುರು ನಾಲಗೆ ಚಾಚಿ ನೋಡಿಕೊಂಡಳು. ಥೂ, ನಾಲಗೆ ಕೆಂಪಗೆ ಚೆನ್ನಾಗಿಯೇ ಇತ್ತು. ಒಂದು ವಾರದಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ, ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ, ಆದರೂ ಈ ಹಾಳು ದೇಹ ಗುಂಡುಕಲ್ಲಿನ ಹಾಗೆ ನಿಂತಿದೆ. ಗಂಟಲು ಎಂದುಕೊಂಡದ್ದೇ ನಾಲಗೆ ಒಳಗೆಳೆದುಕೊಂಡಳು. ಬಾಯಿ ಮುಕ್ಕಳಿಸಿ ಉಗಿದು, ಕನ್ನಡಿ ಬಿಟ್ಟು ಈಚೆ ಬಂದಳು.

ಗಂಡ ಬಸ್ ಡಿಪೋದಲ್ಲಿ ವೇಳೆ ಬರೆಯುವ ಗುಮಾಸ್ತ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಬಂತು, ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಮೊನ್ನೆ ತಡೆಯಲಾರದೆ ಅವನ ಮುಂದೆ ಎಲ್ಲ ಹೇಳಿಕೊಂಡಾಗ ಅವನು ಬೂಟಿಗೆ ಪಾಲಿಶ್ ಉಜ್ಜುವುದನ್ನೂ ನಿಲ್ಲಿಸಿರಲಿಲ್ಲ. "ಅಯ್ಯೋ, ಇಷ್ಟೇನಾ? ಎಲ್ಲೋ ಕ್ಯಾನ್ಸರು ಗಿನ್ಸರು ಅಂತೀಯೇನೋ ಅಂತ ನನಗೆ ಜೀವ ಬಾಯಿಗೆ ಬಂದಿತ್ತು" ಅಂದಿದ್ದ. "ಬರದ ಬಸ್ಸನ್ನ ಬಂತು ಅಂತ ನಾನು ಎಷ್ಟು ಸಲ ಬರೆದಿಲ್ಲ? ಯಾರು ಸತ್ರು?" ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಬಸ್ಸು ಬರದಿದ್ದರೆ ಜನ ಬೈದುಕೊಂಡು ನಡೆದು ಹೋಗ್ತಾರೆ ಕಣ್ರೀ, ಅದೇ ಬೇರೆ, ಇದೇ ಬೇರೆ, ಎಂದು ಕೂಗಬೇಕೆನಿಸಿ, ಕೂಗದೆ, ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಿದ್ದಳು. ಇವತ್ತು ಅವನು ಬಾಗಿಲಲ್ಲಿ ಬಗ್ಗಿ ಬೂಟಿನ ದಾರ ಕಟ್ಟುತ್ತ, ತಲೆಯೆತ್ತದೆ, "ಬಾಯಿ ಮುಚ್ಕೊಂಡು ಹೋಗು, ಬಾಯಿ ಮುಚ್ಕೊಂಡು ಬಾ. ನಿವೃತ್ತಿಗೆ ಇನ್ನೈದು ವರ್ಷ. ಈಗ ದೊಡ್ಡ ಸತ್ಯವಂತೆ ಆಗೋಕೆ ಹೋಗಬೇಡ" ಅಂದ. ಹೂಂ ಅಂದಳು. ಅಂದದ್ದು ಒಪ್ಪಿಗೆಯೋ, ಮಾತು ಮುಗಿಸುವುದಕ್ಕೋ, ಅವಳಿಗೇ ತಿಳಿಯಲಿಲ್ಲ.

ಕಾಲೇಜಿನ ಉದ್ದ ಮೊಗಸಾಲೆಯಲ್ಲಿ, ಪ್ರಾರ್ಥನಾಮಂದಿರದ ಬಾಗಿಲಿಗೆ ಎದುರಾಗಿ, ಮೊದಲ ಮದರ್ ಅವರ ದೊಡ್ಡ ಚಿತ್ರವಿದೆ. ದಿನಾ ಅದರ ಮುಂದೆ ಹಾಯ್ದುಹೋಗುವವಳು ಈಚೆಗೆ ಹಿಂದಿನ ಮೆಟ್ಟಿಲು ಹತ್ತಿ ಸುತ್ತುಬಳಸಿ ಹೋಗುತ್ತಿದ್ದಾಳೆ. ಆ ಹೆಂಗಸಿನ ಬದುಕು ಈಗ ಅವಳಿಗೆ ತನ್ನ ಸ್ವಂತ ಅಜ್ಜಿಯ ಬದುಕಿಗಿಂತ ಚೆನ್ನಾಗಿ ಗೊತ್ತು. ನೂರು ವರ್ಷದ ಹಿಂದೆ ಹಡಗಿನಲ್ಲಿ ಬಂದಿಳಿದ ನಾಲ್ವರು ಸನ್ಯಾಸಿನಿಯರು, ಖಾಲಿ ಬಿದ್ದಿದ್ದ ಒಂದು ಕುದುರೆಲಾಯ ಹಿಡಿದು, ಲದ್ದಿ ಬಾಚಿ, ಸುಣ್ಣ ಬಳಿದು, ಏಳು ಜನ ಹುಡುಗಿಯರನ್ನು ಕೂರಿಸಿಕೊಂಡು ಶುರುಮಾಡಿದ್ದು ಈ ಕಾಲೇಜು. ಇಬ್ಬರು ಮೊದಲ ವರ್ಷವೇ ಕಾಯಿಲೆ ಬಿದ್ದು ತೀರಿಕೊಂಡರು, ಒಬ್ಬಳು ಅತ್ತು ಕರೆದು ವಾಪಸು ಹೋದಳು, ಉಳಿದವಳು ಈಕೆ. ಮಕ್ಕಳಿಗೆ ಪಾಠ ಹೇಳುವವರಿಗೇ ಮೊದಲು ಪಾಠ ಆಗಬೇಕೆಂದು ಹಟ ಹಿಡಿದವಳು. ಕುದುರೆಗಳಿಗಾಗಿ ಇದ್ದ ಹಿಂಬಾಗಿಲನ್ನು ಒಂದು ಗೇಣು ತೆರೆದಿಟ್ಟುಕೊಂಡು ಅದರಾಚೆ ನಿಂತು ಹುಡುಗಿಯರ ಪಾಠ ಕೇಳುತ್ತಿದ್ದಳಂತೆ. ಎದುರಿಗೆ ಕೂತರೆ ಅವರು ನನಗಾಗಿ ಪಾಠ ಮಾಡುತ್ತಾರೆ, ಮಕ್ಕಳಿಗಾಗಿ ಅಲ್ಲ, ಎಂಬುದು ಆಕೆಯ ಮಾತು. ಅದೇ ಈ ಕಾಲೇಜಿನ ಕಟ್ಟಳೆಯಾಯಿತು. ತರಬೇತಿಗೆ ಬಂದವರು ಸುತ್ತಲಿನ ಶಾಲೆಗಳಲ್ಲಿ ನಲವತ್ತು ಪಾಠ ಮಾಡಬೇಕು. ಪ್ರತಿ ಪಾಠಕ್ಕೂ ತರಗತಿಯ ಹಿಂಬಾಗಿಲು ಒಂದು ಗೇಣು ತೆರೆದಿರಬೇಕು. ಮೇಲ್ವಿಚಾರಕಿ ಅದರಾಚೆ ನಿಂತು ಕೇಳಬೇಕು. ಪಾಠ ಮಾಡುವವಳು ಆ ಕಡೆ ಕಣ್ಣೆತ್ತಿಯೂ ನೋಡಕೂಡದು. ಸಂಜೆ ಅವಳ ನೀಲಿ ಪುಸ್ತಕದಲ್ಲಿ ಕೆಂಪು ಶಾಯಿಯ ಷರಾ ಬೀಳುತ್ತದೆ. ಷರಾದಲ್ಲಿ ಒಂದಾದರೂ ತಪ್ಪು ಎತ್ತಿ ತೋರಿಸಲೇಬೇಕು, ತಪ್ಪಿಲ್ಲದ ಷರಾ ಬರೆದರೆ ಬಾಗಿಲ ಹಿಂದೆ ತೂಕಡಿಸಿದ್ದಳು ಎಂದೇ ಲೆಕ್ಕ. ಇದೂ ಮೊದಲ ಮದರ್ ಹಾಕಿಕೊಟ್ಟ ನಿಯಮ.

ಇದನ್ನೆಲ್ಲ ಚೆಂದವಾಗಿ, ಓದಿದವರ ಕಣ್ಣು ತೇವವಾಗುವಂತೆ, ಬರೆದವಳು ಅವಳೇ. ನೂರನೇ ವರ್ಷದ ಪುಸ್ತಕಕ್ಕೆ ಕಾಲೇಜಿನ ಉಗಮದ ಅಧ್ಯಾಯ ನೀವೇ ಬರೆಯಬೇಕು ಎಂದು ಪ್ರಿನ್ಸಿಪಾಲ್ ಸಿಸ್ಟರ್ ಹೇಳಿದಾಗ ಅವಳು ಹಿಗ್ಗಿದ್ದಳು. ಮೂವತ್ತು ವರ್ಷ ಇನ್ನೊಬ್ಬರ ಬರಹಕ್ಕೆ ಷರಾ ಬರೆದ ಕೈ, ಒಮ್ಮೆಯಾದರೂ ತನ್ನದೆಂದು ಏನಾದರೂ ಬರೆಯಲಿ. ಮಹಡಿಯ ಮೇಲಿನ ಹಳೇ ಕಡತದ ಕೋಣೆ, ಒಂದೇ ಕಿಟಕಿ, ಹುಳು ತಿಂದ ಪುಟಗಳ ಒಗರು ವಾಸನೆ. ಬೆಳಿಗ್ಗೆ ಹತ್ತಕ್ಕೆ ಕೂತರೆ ಊಟದ ಗಂಟೆ ಕೇಳಿಸುತ್ತಲೇ ಇರಲಿಲ್ಲ. ಮೊದಲ ದಿನ ಒಂದು ಪಾಠ ತಪ್ಪಿತು. ಛೇ, ಎಂಥ ಕೆಲಸ ಮಾಡಿದೆ ಎಂದು ತನ್ನನ್ನೇ ಬೈದುಕೊಂಡು, ನೋಡಿದವಳಂತೆ ಎರಡು ಸಾಲು ಷರಾ ಬರೆದಳು. ಎರಡನೆಯ ಸಲ ಬೈದುಕೊಳ್ಳಲಿಲ್ಲ. ಆಮೇಲೊಂದು ದಿನ ಮೊದಲ ಮದರ್ ಊರಿಗೆ ಬರೆದ ಕಾಗದವೊಂದು ಸಿಕ್ಕಿತು: ಒಂಬತ್ತು ದಿನದಿಂದ ಜ್ವರ, ಹಾಸಿಗೆ ಬಿಟ್ಟು ಎದ್ದಿಲ್ಲ, ತಲೆ ಎತ್ತಿದರೆ ಗೋಡೆ ತಿರುಗುತ್ತದೆ. ಕಾಗದದ ತಾರೀಖು ನೋಡಿ, ಯಾಕೋ ಅನುಮಾನ ಬಂದು, ಆಕೆಯ ಷರಾ ಪುಸ್ತಕದಲ್ಲಿ ಅದೇ ತಾರೀಖು ತೆಗೆದರೆ, ಅಲ್ಲಿ ಠಾಕುಠೀಕಾಗಿ ಷರಾ! 'ದನಿ ಹಿಂಬಾಗಿಲವರೆಗೆ ಕೇಳಿಸುವುದಿಲ್ಲ.' ಖಾಲಿ ಕೋಣೆಯಲ್ಲಿ ಅವಳು ಬಿದ್ದು ಬಿದ್ದು ನಕ್ಕಿದ್ದಳು. ಅಯ್ಯೋ ನನ್ನ ತಾಯಿ, ನೀನೂನಾ! ಆ ಕಾಗದ ಅವಳ ಅಧ್ಯಾಯದೊಳಗೆ ಬರಲಿಲ್ಲ. 'ಆಕೆ ಕೇಳದ ಪಾಠ ಒಂದೂ ಇಲ್ಲ' ಎಂದು ಬರೆದು, ಆ ಸಾಲು ಚೆನ್ನಾಗಿದೆಯೆನಿಸಿ ಎರಡು ಸಲ ಓದಿಕೊಂಡಳು. ಅದೇ ಸಂಜೆ ಮೇಜಿನ ಮೇಲಿದ್ದ ನೀಲಿ ಪುಸ್ತಕವೊಂದನ್ನು ಎಳೆದುಕೊಂಡು, ಎದುರಿಗೆ ತೆರೆದೇ ಇದ್ದ ಹಳೆಯ ಪುಟದಿಂದ ಆ ಷರಾವನ್ನು ಹಾಗ್ಹಾಗೇ ಇಳಿಸಿದಳು. ಯಾರ ಪುಸ್ತಕ ಎಂದು ನೋಡಿದ್ದು ಬರೆದಾದ ಮೇಲೆ. ದೊಡ್ಡಕ್ಕನದು.

ದೊಡ್ಡಕ್ಕ ಎಂದರೆ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿಯರ ನಡುವೆ ಒಬ್ಬಳೇ ಕೂರುತ್ತಿದ್ದ ನಲವತ್ತೊಂದರ ಹೆಂಗಸು. ಹುಡುಗಿಯರೇ ಇಟ್ಟ ಹೆಸರು. ಅವರು ಮೇಲ್ವಿಚಾರಕಿಗೆ ಇಟ್ಟ ಹೆಸರು ಕೆಂಪುಶಾಯಿ, ಅದೂ ಅವಳಿಗೆ ಗೊತ್ತು. ದೊಡ್ಡಕ್ಕ ಒಂದು ಸಣ್ಣ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ತಾತ್ಕಾಲಿಕ ಟೀಚರು. ತರಬೇತಿಯ ಪದವಿ ಇಲ್ಲದವರು ಈ ವರ್ಷ ಮುಗಿಯುತ್ತಲೇ ಮನೆಗೆ ಹೋಗಬೇಕೆಂದು ಹುಕುಂ ಬಂದ ಮೇಲೆ, ಬಿದ್ದೆನೋ ಕೆಟ್ಟೆನೋ ಎಂದು ಓಡಿ ಬಂದು ಸೇರಿದವಳು. ಮದುವೆ ಆಗಿಲ್ಲ, ಜೊತೆಗೊಬ್ಬಳು ತಂಗಿ. ಕ್ಲಾಸಿನಲ್ಲಿ ಹಾಜರಿ ಕೂಗಿದಾಗ 'ಎಸ್ ಮೇಡಂ' ಅನ್ನುವುದು ಬಿಟ್ಟರೆ ಅವಳು ಬಾಯಿ ತೆರೆದದ್ದೇ ನೆನಪಿಲ್ಲ. ಆ ಷರಾ ಬರೆದ ವಾರ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಪುಸ್ತಕ ಎದೆಗವಚಿಕೊಂಡು, "ತುಂಬ ಉಪಕಾರ ಆಯ್ತು ಮೇಡಂ. ಬೇರೆ ಮೇಡಂಗಳೆಲ್ಲ ಬೋರ್ಡಿನ ಮೇಲಿನ ಅಕ್ಷರ ಓರೆ, ನಿಂತ ಭಂಗಿ ಸರಿಯಿಲ್ಲ ಅಂತ ಏನೇನೋ ಬರೀತಾರೆ. ನೀವೊಬ್ಬರೇ ನಿಜ ಬರೆದಿರಿ. ನನಗೂ ಒಳಗೊಳಗೇ ಅನುಮಾನ ಇತ್ತು" ಅಂದಿದ್ದಳು. ಆಗ ಹೇಳಬಹುದಿತ್ತು. ಆಗ ಹೇಳಿದ್ದರೆ ನಗುನಗುತ್ತ ಮುಗಿದುಹೋಗುತ್ತಿತ್ತು. ಆದರೆ ಅವಳಿಗೆ ಹೊಗಳಿಕೆ ಹಿತವಾಗಿತ್ತು. ಮುಂದಿನ ಸಲ ಪಾಠ ತಪ್ಪಿದಾಗ ಅದೇ ಸಾಲು ಬರೆದಳು, ಬೇರೆ ಬರೆದರೆ ಅನುಮಾನ ಬಂದೀತೆಂದು. ಹೀಗೆ ಹನ್ನೊಂದು ಸಲ. ಹನ್ನೊಂದು ಸಲವೂ ಅವಳು ಮಹಡಿಯ ಮೇಲೆ ಕುದುರೆಲಾಯಕ್ಕೆ ಸುಣ್ಣ ಬಳಿಯುವವರ ಜೊತೆಗಿದ್ದಳು.

ಇವತ್ತು ಬೆಳಿಗ್ಗೆ ಪ್ರಿನ್ಸಿಪಾಲ್ ಸಿಸ್ಟರ್ ಕೋಣೆಯಲ್ಲಿ ಅಚ್ಚಿನಿಂದ ಬಂದ ಪುಟಗಳು ಮೇಜಿನ ತುಂಬ ಹರಡಿದ್ದವು. "ಬನ್ನಿ ಬನ್ನಿ, ನಿಮ್ಮ ಅಧ್ಯಾಯ ಓದಿ ನಾನು ಅತ್ತುಬಿಟ್ಟೆ" ಅಂದರು ಸಿಸ್ಟರ್, ಕನ್ನಡಕ ಹಣೆಗೇರಿಸಿ. ಅವಳು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಮೆಟ್ಟಿಲು ಹತ್ತುವಾಗಲೇ ನಿಶ್ಚಯ ಮಾಡಿಕೊಂಡಿದ್ದಳು. ಒಂದೇ ಉಸಿರಿಗೆ ಹೇಳಿದಳು: ದೊಡ್ಡಕ್ಕನ ಪುಸ್ತಕದ ಹನ್ನೊಂದು ಷರಾ ಸುಳ್ಳು, ನಾನು ಬಾಗಿಲ ಹಿಂದೆ ನಿಂತೇ ಇಲ್ಲ, ಇವತ್ತು ಅವಳ ಕೊನೆಯ ಪಾಠ, ಅವಳ ಗಂಟಲು ಹೋಗಿದೆ, ನಪಾಸಾಗುತ್ತಾಳೆ. ಸಿಸ್ಟರ್ ಪುಟಗಳ ಅಂಚನ್ನು ಮೇಜಿಗೆ ಕುಟ್ಟಿ ಕುಟ್ಟಿ ಸರಿಮಾಡಿದರು. ಆಮೇಲೆ, ಕಾಯಿಲೆಯವರ ಹತ್ತಿರ ಮಾತಾಡುವ ದನಿಯಲ್ಲಿ, "ನಿಮಗೆ ದಣಿವಾಗಿದೆ" ಅಂದರು. ದಣಿವಲ್ಲ ಸಿಸ್ಟರ್, ಅಂದಳು. "ದಣಿವೇ. ಕೇಳಿ. ಒಂದು ಷರಾ ಸುಳ್ಳು ಅಂತ ಹೊರಗೆ ಹೋದರೆ, ಇಲ್ಲಿಂದ ಪದವಿ ತಗೊಂಡು ಹೋದವರೆಲ್ಲರ ಷರಾನೂ ಅನುಮಾನವೇ. ಅವರೆಲ್ಲ ಯಾರ್ಯಾರ ಮಕ್ಕಳಿಗೋ ಪಾಠ ಹೇಳ್ತಾ ಇದ್ದಾರೆ. ಅವರನ್ನೆಲ್ಲ ಎಬ್ಬಿಸಿ ನಿಲ್ಲಿಸಬೇಕಾ?" ಕಿಟಕಿಯಾಚೆ ಪ್ರಾರ್ಥನಾಮಂದಿರದ ಕಡೆ ಕೈ ತೋರಿಸಿ, "ಅಲ್ಲಿ ಹೋಗಿ ಹೇಳಿಕೊಳ್ಳಿ. ದೇವರು ಕ್ಷಮಿಸ್ತಾನೆ. ವಿಶ್ವವಿದ್ಯಾಲಯ ಕ್ಷಮಿಸಲ್ಲ" ಅಂದರು. ಮೂವತ್ತು ವರ್ಷದಿಂದ ಅವಳು ಅಲ್ಲಿ ಪ್ರಾರ್ಥನೆಗೆ ಎಲ್ಲರ ಜೊತೆ ಎದ್ದು ನಿಂತಿದ್ದಾಳೆ, ಮಂಡಿಯೂರಿದವಳಲ್ಲ. ಬಾಗಿಲವರೆಗೆ ಹೋದಳು. ಒಳಗೆ ಕೆಲಸದವಳು ಬೆಂಚು ಒರೆಸುತ್ತಿದ್ದಳು. ಅವಳು ತಲೆಯೆತ್ತಿ "ಏನು ಬೇಕಿತ್ತು ಮೇಡಂ?" ಎಂದು ಕೇಳಿದಳು, ಇವಳು "ಏನಿಲ್ಲಮ್ಮ" ಎಂದು ಹಿಂದಿರುಗಿದಳು.

ಗಂಟಲಿನ ವಿಷಯ ತಿಳಿದದ್ದು ಹೋದ ವಾರ. ದೊಡ್ಡಕ್ಕ ಡಾಕ್ಟರ ಚೀಟಿ ಹಿಡಿದು ಬಂದಿದ್ದಳು. ಗಂಟಲೊಳಗೆ ಗಂಟುಗಳಾಗಿವೆ, ಎರಡು ತಿಂಗಳು ಮಾತು ಕೂಡದು. ಏನಾಯಿತು ಎಂದು ಕೇಳಿದರೆ ಗಾಳಿಯಲ್ಲಿ ಕಾಗದ ಉಜ್ಜಿದಂಥ ದನಿಯಲ್ಲಿ, ಅದೂ ಹೆಮ್ಮೆಯಿಂದ, ಹೇಳಿದಳು. ಏಳು ತಿಂಗಳಿಂದ ದಿನಾ ಬೆಳಿಗ್ಗೆ ಐದೂವರೆಗೆ ಮನೆ ಹತ್ತಿರದ ಆಟದ ಮೈದಾನಕ್ಕೆ ಹೋಗುವುದು. ಒಂದು ಗೋಲುಕಂಬದ ಹತ್ತಿರ ಇವಳು, ಇನ್ನೊಂದರ ಹತ್ತಿರ ತಂಗಿ. ಇವಳು ಪಾಠ ಹೇಳಬೇಕು, ಕೇಳಿಸಿದರೆ ತಂಗಿ ಕೈಯೆತ್ತಬೇಕು. "ಅವಳು ಕೈ ಎತ್ತೋವರೆಗೂ ಬಿಡ್ತಿರಲಿಲ್ಲ ಮೇಡಂ. ಎತ್ತಿದ ಮೇಲೆ ಅವಳನ್ನ ಇನ್ನೂ ಹತ್ತು ಹೆಜ್ಜೆ ಹಿಂದೆ ಕಳಿಸ್ತಿದ್ದೆ. ಹಾಗೆ ಮಾಡಿಕೊಂಡು ಬಂದು ಇಲ್ಲಿ ಪಾಠ ಮಾಡಿದರೂ ನೀವು ಮತ್ತೆ ಅದೇ ಷರಾ ಬರೀತಿದ್ರಿ. ಮೇಡಂ ಸುಮ್ಮಸುಮ್ಮನೆ ಬರೀತಾರಾ, ಇನ್ನೂ ಸಾಲದು, ಇನ್ನೂ ಸಾಲದು ಅಂದುಕೊಂಡು..." ಅಲ್ಲಿಗೆ ಕೆಮ್ಮು ಬಂದಿತ್ತು. ಅವತ್ತಿನಿಂದ ಇವಳಿಗೆ ಆ ಮೈದಾನ ಕಣ್ಣಮುಂದಿನಿಂದ ಸರಿಯುತ್ತಿಲ್ಲ. ಬಟ್ಟೆ ಮಡಚುವಾಗ, ಬಸ್ಸಿಗೆ ಕಾಯುವಾಗ, ಯಾರೋ ಕೈಯೆತ್ತಿದರೆ ಸಾಕು, ಇವಳು ಕೈಯಲ್ಲಿದ್ದದ್ದನ್ನು ಬಿಟ್ಟು ಅತ್ತ ನೋಡುತ್ತಾಳೆ. ಎಲ್ಲಕ್ಕಿಂತ ಹೆಚ್ಚು ಕೊರೆಯುವುದು ಒಂದೇ ಒಂದು. ತರಗತಿಯಲ್ಲಿ ದೊಡ್ಡಕ್ಕನ ದನಿ ನಿಜಕ್ಕೂ ಸಣ್ಣದಿತ್ತೋ ದೊಡ್ಡದಿತ್ತೋ ಇವಳಿಗೆ ಗೊತ್ತಿಲ್ಲ. ಇವಳು ಅದನ್ನು ಕೇಳಿಯೇ ಇಲ್ಲ. ಇನ್ನು ಕೇಳುವ ಹಾಗೂ ಇಲ್ಲ.

ಹತ್ತೂಕಾಲಿಗೆ, ಕೊನೆಯ ಪಾಠ ನಡೆಯಬೇಕಿದ್ದ ಶಾಲೆಯ ಹೊರಗಿನ ನಲ್ಲಿಯ ಹತ್ತಿರ ದೊಡ್ಡಕ್ಕ ಬಟ್ಟೆಯ ತುಂಡೊಂದನ್ನು ನೆನೆಸಿ ಹಿಂಡುತ್ತಿದ್ದಳು. ಇವತ್ತಿನ ಪಾಠ, ನೀರು ಆವಿಯಾಗುವುದು. ಇಸ್ತ್ರಿ ಮಾಡಿದ ಬಟ್ಟೆ, ಬಿಗಿದು ಕಟ್ಟಿದ ಕೂದಲು, ಪರೀಕ್ಷೆಯ ಹುಡುಗಿಯ ಹಾಗೇ ಬೆವರಿದ ಮೂಗಿನ ತುದಿ. ಮೇಲ್ವಿಚಾರಕಿ ಹತ್ತಿರ ಹೋಗಿ, ನಲ್ಲಿ ನಿಲ್ಲಿಸಿ, ಹೇಳಿದಳು. ಈ ಸಲ ಒಂದೇ ಉಸಿರಿಗೆ ಬರಲಿಲ್ಲ. ನಡುನಡುವೆ ನಿಂತು, ಕಡತದ ಕೋಣೆ, ಅಧ್ಯಾಯ, ಹಳೇ ಪುಸ್ತಕದಿಂದ ನಕಲು ಮಾಡಿದ್ದು, ಎಲ್ಲವನ್ನೂ ತೊದಲಿ ತೊದಲಿ ಹೇಳಿದಳು. ದೊಡ್ಡಕ್ಕ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ಇನ್ನು ಒಂದು ಹನಿ ಉಳಿದಿರಲಿಲ್ಲ. "ನೀನು ಕಾಯಿಲೆ ಅಂತ ಹೇಳು. ಷರಾ ಸುಳ್ಳು ಅಂತ ನಾನು ಪರೀಕ್ಷಕರಿಗೆ ಹೇಳ್ತೀನಿ. ಆಗ ಅವರು ಫಲಿತಾಂಶ ತಡೆಹಿಡೀಬೇಕು, ಗಂಟಲು ವಾಸಿಯಾದ ಮೇಲೆ ಇನ್ನೊಂದು ಪಾಠ ಕೊಡಬೇಕು. ಅಲ್ಲಿವರೆಗೆ ನಿಮ್ಮ ಶಾಲೆಯವರೂ ನಿನ್ನ ಜಾಗ ಬೇರೆಯವರಿಗೆ ಕೊಡೋ ಹಾಗಿಲ್ಲ. ನಿಯಮ ಇದೆ, ನಾನು ನೋಡಿದ್ದೀನಿ" ಅಂದಳು. ದೊಡ್ಡಕ್ಕ ಅವಳ ಮುಖವನ್ನೇ ನೋಡಿದಳು. ಸಿಟ್ಟು ಬರಲಿ, ಉಗಿಯಲಿ, ಒಂದು ಏಟಾದರೂ ಹೊಡೆಯಲಿ ಎಂದು ಇವಳು ಕಾದಳು. "ನನ್ನ ಮೇಲಿನ ಕನಿಕರಕ್ಕೆ ಹೀಗೆಲ್ಲ ಹೇಳ್ತಿದ್ದೀರಿ" ಎಂದು ಉಸುರಿ, ಬಟ್ಟೆಯನ್ನು ಮತ್ತೆ ನೆನೆಸಿಕೊಳ್ಳಲು ದೊಡ್ಡಕ್ಕ ನಲ್ಲಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಅವಳು ಆಮೇಲೆ ಹೇಳಿದ್ದು ಇವಳಿಗೆ ಏನೂ ಕೇಳಿಸಲಿಲ್ಲ.

ಕೊನೆಯ ಪಾಠಕ್ಕೆ ಮಾತ್ರ ಬಾಗಿಲ ಹಿಂದೆ ನಿಲ್ಲುವುದಿಲ್ಲ. ಪರೀಕ್ಷಕ, ಮೇಲ್ವಿಚಾರಕಿ ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಪರೀಕ್ಷಕ ಬೇರೆ ಊರಿನ ಕಾಲೇಜಿನವನು, ದಪ್ಪಗೆ, ಮರ್ಯಾದಸ್ಥ. ಮಕ್ಕಳ ಬೆಂಚಿನಲ್ಲಿ ಮೊಳಕಾಲು ಹಿಡಿಸದೆ ಅಡ್ಡ ಕೂತು, "ನಮ್ಮ ಹೊಟ್ಟೆ ನೋಡಿ ಬೆಂಚು ಮಾಡಿಲ್ಲ ನೋಡಿ" ಎಂದು ನಕ್ಕ. ಅವಳೂ ನಕ್ಕಳು. ಅಭ್ಯಾಸ. ದೊಡ್ಡಕ್ಕ ಒದ್ದೆ ಬಟ್ಟೆಯಿಂದ ಕಪ್ಪುಹಲಗೆಯ ಮೇಲೆ ದೊಡ್ಡದೊಂದು ಮೀನು ಬರೆದಳು. ನೀರಿನ ಮೀನು. ಬಾಯಿಗೆ ಬೆರಳಿಟ್ಟು, ನೋಡ್ತಾ ಇರಿ ಎಂದು ಕಣ್ಣಲ್ಲೇ ಹೇಳಿದಳು. ಮೂವತ್ತೆರಡು ಮಕ್ಕಳು ಉಸಿರು ಬಿಗಿಹಿಡಿದರು. ಮೊದಲು ಬಾಲ ಹೋಯಿತು, ಆಮೇಲೆ ಬೆನ್ನು. "ಮೀನು ಎಲ್ಲಿ ಹೋಯ್ತು?" ಎಂದು ಕೇಳಿದ್ದು ಮುಂದಿನ ಬೆಂಚಿಗೆ ಕೇಳಿರಬೇಕು, ಅವರು ಹಿಂದಿನವರಿಗೆ ಹೇಳಿದರು, ಹಿಂದಿನವರು ಇನ್ನೂ ಹಿಂದಿನವರಿಗೆ. ಒಬ್ಬಳು ಎದ್ದುಹೋಗಿ ಹಲಗೆ ಮುಟ್ಟಿ ನೋಡಿ ಬಂದಳು. ಜಡೆಯವಳೊಬ್ಬಳು ತನ್ನ ಅಂಗೈ ನೆಕ್ಕಿ ಊದಿ, "ತಣ್ಣಗೆ!" ಎಂದು ಕಿರುಚಿದಳು, ಎಲ್ಲರೂ ಅಂಗೈ ನೆಕ್ಕತೊಡಗಿದರು. ದೊಡ್ಡಕ್ಕ ನಗುತ್ತ ಅವರ ನಡುವೆ ಓಡಾಡುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು. ಮೇಲ್ವಿಚಾರಕಿಗೆ ಒಂದು ಮಾತೂ ಕೇಳಿಸಲಿಲ್ಲ. ಮೂವತ್ತು ವರ್ಷದಲ್ಲಿ ಅವಳು ಇಂಥ ಪಾಠ ಕಂಡಿರಲಿಲ್ಲ. ಇದೇ ಹೆಂಗಸು ಈ ಹಿಂದೆ ಹನ್ನೊಂದು ಸಲ ಹೀಗೇ ಪಾಠ ಮಾಡಿದ್ದಿರಬೇಕು, ಬಾಯಿತುಂಬ ಮಾತಾಡುತ್ತ. ಗೇಣಗಲ ತೆರೆದಿಟ್ಟ ಬಾಗಿಲ ಹಿಂದೆ ಆಗ ಯಾರೂ ಇರಲಿಲ್ಲ. ಅವಳ ಕಣ್ಣಿಂದ ನೀರು ಇಳಿಯಿತು, ಮೂಗೊರೆಸುವ ನೆಪದಲ್ಲಿ ಒರೆಸಿಕೊಂಡಳು. ಪಕ್ಕದಲ್ಲಿ ಪರೀಕ್ಷಕ ಕಿವಿಗೆ ಕೈ ಆನಿಸಿ ಮುಂದೆ ಬಾಗಿದ್ದ.

ಗಂಟೆ ಹೊಡೆದು ಮಕ್ಕಳು ಓಡಿದ ಮೇಲೆ ಪರೀಕ್ಷಕ ನೀಲಿ ಪುಸ್ತಕ ತೆರೆದ. ಪುಟ ತಿರುವಿದ, ಇನ್ನೊಂದು ತಿರುವಿದ. "ಐಡಿಯಾಗಳು ಚೆನ್ನಾಗಿವೆಯಮ್ಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೀಚರ ಮಾತೇ ಕೇಳಿಸದಿದ್ದರೆ ಹೇಗೆ? ಒಂದೇ ತಪ್ಪು ಮೂರು ಸಲ ತೋರಿಸಿಕೊಟ್ಟ ಮೇಲೂ ಕೊನೆಯ ಪಾಠದಲ್ಲಿ ಬಂದರೆ ನಪಾಸು ಅಂತ ನಿಯಮ. ಇಲ್ಲಿ ನೋಡಿದರೆ ಮೇಡಂ ಹನ್ನೊಂದು ಸಲ ಬರೆದಿದ್ದಾರೆ." ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು. ಮೇಲ್ವಿಚಾರಕಿ ಎದ್ದು ನಿಂತಳು. ಬೆಂಚಿನ ಅಂಚು ಹಿಡಿದುಕೊಂಡಳು. "ಸಾರ್, ಆ ಷರಾ ಸುಳ್ಳು. ನಾನು ಇವರ ಪಾಠ ಕೇಳಿಲ್ಲ. ಹನ್ನೊಂದರಲ್ಲಿ ಒಂದೂ ಕೇಳಿಲ್ಲ. ಬಾಗಿಲ ಹಿಂದೆ ನಾನು ಇರಲೇ ಇಲ್ಲ." ಹೇಳಿ ಮುಗಿಸಿದಾಗ ಮೈ ಹಗುರಾಯಿತು. ಎಷ್ಟು ದಿನದ ಮೇಲೆ! ಇನ್ನು ಏನು ಬೇಕಾದರೂ ಆಗಲಿ, ಕೆಲಸ ಹೋಗಲಿ, ಗಂಡ ಬೈಯಲಿ, ಕಾಲೇಜಿನ ಮುಖಕ್ಕೆ ಮಸಿ ಬೀಳಲಿ. ಪರೀಕ್ಷಕ ಇವಳನ್ನು ನೋಡಿದ, ಪುಸ್ತಕ ನೋಡಿದ, ಬಾಗಿಲ ಕಡೆ ನೋಡಿದ. ಇಂಥ ರಗಳೆ ತನ್ನ ತಲೆಗೆ ಯಾಕೆ ಬಂತಪ್ಪ ಎಂಬ ಸಂಕಟ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. "ಮೇಡಂ, ನೀವು... ಇದು ಹುಡುಗಾಟದ ಮಾತಲ್ಲ. ಇವರನ್ನ ಉಳಿಸೋಕೆ ಹೇಳ್ತಿದ್ದೀರಾ? ಅರ್ಥ ಆಗುತ್ತೆ. ಆದರೆ..." ಎಂದು ತಡವರಿಸಿ, ದಾರಿ ಸಿಕ್ಕವನಂತೆ ದೊಡ್ಡಕ್ಕನ ಕಡೆ ತಿರುಗಿದ. "ನೀವೇ ಹೇಳಿಯಮ್ಮ. ಮೇಡಂ ಇದ್ದರೋ ಇರಲಿಲ್ಲವೋ?"

ದೊಡ್ಡಕ್ಕ ಒಣಗಿದ ಹಲಗೆಯ ಪಕ್ಕ ನಿಂತಿದ್ದಳು. ಇರಲಿಲ್ಲ ಎನ್ನು, ಎನ್ನೇ ಮಾರಾಯ್ತಿ, ಎಂದು ಮೇಲ್ವಿಚಾರಕಿಯ ಜೀವವೆಲ್ಲ ಕೂಗುತ್ತಿತ್ತು.

"ಇದ್ದರು ಸಾರ್" ಎಂದಳು ದೊಡ್ಡಕ್ಕ. ಗೊರಗೊರ ದನಿ, ಆದರೆ ತಡವರಿಕೆ ಇರಲಿಲ್ಲ. "ಬಾಗಿಲ ಸಂದಿಯಲ್ಲಿ ಅವರ ನೆರಳು ನೋಡ್ತಿದ್ದೆ. ನೋಡಬಾರದು ಅಂತ ಗೊತ್ತು, ಆದರೂ ನೋಡ್ತಿದ್ದೆ. ಹನ್ನೊಂದು ಸಲವೂ ಇದ್ದರು."

ಪರೀಕ್ಷಕ ಉಸ್ಸೆಂದು ಉಸಿರು ಬಿಟ್ಟ. "ನಾನೂ ಅಂದುಕೊಂಡೆ" ಎನ್ನುತ್ತ ಫಲಿತಾಂಶದ ಹಾಳೆಯ ಮೇಲೆ ನಪಾಸು ಎಂದು ಬರೆದ, ರುಜು ಹಾಕಿದ, ಮೇಲ್ವಿಚಾರಕಿಯ ರುಜುವಿಗೆಂದು ಮುಂದೆ ತಳ್ಳಲಿಲ್ಲ, ಮಡಚಿ ಜೇಬಿಗೆ ಇಟ್ಟುಕೊಂಡ. "ನಿಮ್ಮ ಒಳ್ಳೇತನ ದೊಡ್ಡದು ಮೇಡಂ. ನಿಮ್ಮಂಥ ಗುರುಗಳು ಈಗ ಎಲ್ಲಿದ್ದಾರೆ?" ಎಂದು ಕೈಮುಗಿದು, ಬೆಂಚಿನಿಂದ ಕಷ್ಟಪಟ್ಟು ಕಾಲು ಬಿಡಿಸಿಕೊಂಡು, ಹೊರಟುಹೋದ. ಆ ಹೊಗಳಿಕೆ ಕೆನ್ನೆಗೆ ಬಾರಿಸಿದಂತಿತ್ತು.

ಕೋಣೆಯಲ್ಲಿ ಇಬ್ಬರೇ ಉಳಿದರು. ಹೊರಗೆ ಮಕ್ಕಳು ಇನ್ನೂ ಅಂಗೈ ನೆಕ್ಕಿ ಊದಿಕೊಂಡು ಕೇಕೆ ಹಾಕುತ್ತಿದ್ದರು. "ಯಾಕೆ ಹಾಗಂದೆ?" ಎಂದು ಅವಳು ಅರಚಿದಳು. ಸಿಟ್ಟು, ಅಳು, ನಾಚಿಕೆ, ಎಲ್ಲ ಒಟ್ಟಿಗೆ ಬಂದು ದನಿ ಕೀರಲಾಗಿತ್ತು. "ನಿನಗೆ ತಲೆ ಕೆಟ್ಟಿದೆಯಾ? ಎರಡು ತಿಂಗಳು ಸುಮ್ಮನಿದ್ದಿದ್ದರೆ ಇನ್ನೊಂದು ಪಾಠ ಸಿಗ್ತಿತ್ತು. ನಿನ್ನ ಕೆಲಸ ಉಳೀತಿತ್ತು. ನಾನು ಹೇಳಿದ್ದನ್ನ ನೀನು ನಂಬಲೇ ಇಲ್ಲವಾ?"

"ನಲ್ಲಿ ಹತ್ತಿರ ಹೇಳಿದಾಗಲೇ ನಂಬಿದೆ ಮೇಡಂ" ಎಂದಳು ದೊಡ್ಡಕ್ಕ. ಬಂದು ಮಕ್ಕಳ ಬೆಂಚಿನ ಮೇಲೆ, ಇವಳ ಎದುರಿಗೆ, ಕೂತಳು. ಮಾತಾಡಿದರೆ ನೋಯುತ್ತಿತ್ತು, ಒಂದೊಂದು ಮಾತಿಗೂ ಉಗುಳು ನುಂಗುತ್ತಿದ್ದಳು. "ಎರಡು ತಿಂಗಳು ಅಂತ ಚೀಟೀಲಿ ನಾನೇ ಕೇಳಿ ಬರೆಸಿಕೊಂಡಿದ್ದು, ಇದ್ದದ್ದು ಇದ್ದ ಹಾಗೆ ಬರೆದರೆ ಪರೀಕ್ಷೆಗೇ ಕೂರಿಸಲ್ಲ ಅಂತ. ಇದು ವಾಸಿಯಾಗೋದಲ್ಲ ಅಂದರು ಡಾಕ್ಟರು. ಇನ್ನೊಂದು ಪಾಠ ಕೊಟ್ಟರೂ ಯಾವ ದನೀಲಿ ಮಾಡಲಿ?" ಕೈಯಲ್ಲಿದ್ದ ಬಟ್ಟೆಯ ತುಂಡನ್ನು ಮಡಚಿದಳು. "ಈಗ ಮನೆಗೆ ಹೋಗಿ ತಂಗಿಗೆ ಹೇಳಬೇಕು. ಏಳು ತಿಂಗಳು ಆ ಚಳೀಲಿ ಮೈದಾನದ ಆ ತುದೀಲಿ ನಿಂತಿದ್ದಳಲ್ಲ, ಅವಳಿಗೆ ಹೇಳಬೇಕು. ನನ್ನ ದನಿ ಸಣ್ಣದಿತ್ತು, ಎಷ್ಟು ಒದ್ದಾಡಿದರೂ ಆಗಲಿಲ್ಲ, ಅಂದರೆ ಅವಳು ತಡ್ಕೋತಾಳೆ, ನಾನೂ ತಡ್ಕೋತೀನಿ. ಸುಮ್ಮನೆ ಹೋಯ್ತು ಅಂದರೆ ಹೇಗೆ ತಡ್ಕೊಳ್ಳೋದು ಮೇಡಂ? ನೀವು ಇರಲಿಲ್ಲ ಅಂದರೆ ನನ್ನ ಗಂಟಲು ಹೋಗಿದ್ದು ಯಾತಕ್ಕೆ?"

ಮೇಲ್ವಿಚಾರಕಿ ತೆರೆದೇ ಇದ್ದ ನೀಲಿ ಪುಸ್ತಕವನ್ನು ಮುಚ್ಚಿದಳು.

"ಸಣ್ಣದಿತ್ತು ಅಲ್ಲವಾ?" ಎಂದು ಕೇಳಿದಳು ದೊಡ್ಡಕ್ಕ. ಮುಂದೆ ಬಾಗಿ ಇವಳ ಮಣಿಕಟ್ಟು ಹಿಡಿದುಕೊಂಡಳು, ನೋಯುವಷ್ಟು ಬಿಗಿಯಾಗಿ. "ನೀವೇ ಹೇಳಬೇಕು. ಬೇರೆ ಯಾರು ಹೇಳಿದರೂ ಆಗಲ್ಲ. ಬಾಯಿಬಿಟ್ಟು ಹೇಳಿ ಮೇಡಂ. ಬಾಗಿಲ ಹಿಂದೆ ನಿಂತಾಗ ನಿಮಗೆ ನನ್ನ ದನಿ ಕೇಳಿಸ್ತಿತ್ತಾ?"

ಇವಳು ಆ ಮುಖ ನೋಡಿದಳು. ಅದರಲ್ಲಿ ಮೋಸ ಹೋಗುವವರ ಪೆದ್ದುತನ ಒಂದಿಷ್ಟೂ ಇರಲಿಲ್ಲ.

"ಇಲ್ಲ" ಅಂದಳು. "ಕೇಳಿಸ್ತಿರಲಿಲ್ಲ."

"ಒಂದು ಸಲವೂ?"

"ಒಂದು ಸಲವೂ ಕೇಳಿಸಲಿಲ್ಲ."

ದೊಡ್ಡಕ್ಕ ತಲೆಯಾಡಿಸಿದಳು. ಕೈ ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು, ಮಕ್ಕಳು ಎಳೆದಾಡಿದ್ದ ಬೆಂಚುಗಳನ್ನು ಒಂದೊಂದಾಗಿ ಸಾಲಿಗೆ ಸರಿಸಿ, ಬರ್ತೀನಿ ಮೇಡಂ ಎಂದು ಹೋದಳು.